ಈ ವರ್ಷದಿಂದ ಕೊಳದ ಮೀನು ಮೇ ಕೊನೆಯಿಂದ ಮಾತ್ರ: ನಮ್ಮ ಗ್ರಾಹಕರಿಗೆ ಪತ್ರ

ಎಲ್ಲರಿಗೂ ನಮಸ್ಕಾರ.

ಹಿತ್ತಿಲಿನ ಕೊಳಕ್ಕೆ ಮೀನು ಬೇಕು ಅಂತ ನಮ್ಮ ಅಂಗಡಿಗೆ ಬರುವ ಕನ್ನಡದ ಮನೆಗಳು ಮಿನಿಯಾಪೊಲಿಸ್ ಸುತ್ತಮುತ್ತ ಈಗ ಸಾಕಷ್ಟಿವೆ. ಹಾಗಾಗಿ ಈ ಪತ್ರ ಕನ್ನಡದಲ್ಲೂ ಬರೆಯುತ್ತಿದ್ದೇವೆ. ವಿಷಯ ಇಷ್ಟು: ಇನ್ನು ಮುಂದೆ ಕೊಳದ ಮೀನನ್ನು ಮೆಮೋರಿಯಲ್ ಡೇ ವಾರದಿಂದ ಆಗಸ್ಟ್ 15ರವರೆಗೆ ಮಾತ್ರ ಮಾರುತ್ತೇವೆ. ಏಪ್ರಿಲ್‌ನಲ್ಲಿ ಮಾರಾಟವಿಲ್ಲ, ಸೆಪ್ಟೆಂಬರ್‌ನ ಡಿಸ್ಕೌಂಟ್ ಸೇಲ್ ಕೂಡ ಇಲ್ಲ. ಕೊಳದ ಆಳ ಕೇಳದೆ ಕೋಯ್ (ಬಣ್ಣಬಣ್ಣದ ದೊಡ್ಡ ಕಾರ್ಪ್ ಮೀನು) ಕೊಡುವುದಿಲ್ಲ. ಹೊಸ ಕೊಳವಾದರೆ ಮೀನನ್ನು ಎರಡು ಕಂತಿನಲ್ಲಿ ಕೊಡುತ್ತೇವೆ.

ಕೆಲವರಿಗೆ ಬೇಜಾರಾಗುತ್ತದೆ, ಗೊತ್ತು. ತಿಂಗಳುಗಟ್ಟಲೆ ಬರೀ ಬಿಳಿ ನೋಡಿ ಸಾಕಾಗಿ, ಐಸ್ ಕರಗಿದ ಕೂಡಲೇ ಕೊಳದಲ್ಲಿ ಬಣ್ಣಬಣ್ಣದ ಮೀನು ಓಡಾಡಬೇಕು ಅಂತ ಯಾರಿಗೆ ಅನ್ನಿಸಲ್ಲ? ಆದರೆ ಏಪ್ರಿಲ್‌ನ ನೀರು ಮೀನಿಗೆ ತುಂಬಾ ಕಷ್ಟದ ನೀರು. 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಅದಕ್ಕೆ ತಿಂದದ್ದು ಸರಿಯಾಗಿ ಅರಗುವುದಿಲ್ಲ, ರೋಗ ತಡೆಯುವ ಶಕ್ತಿಯೂ ಇನ್ನೂ ಎದ್ದಿರುವುದಿಲ್ಲ. ರೋಗ ತರುವ ಬ್ಯಾಕ್ಟೀರಿಯಾ ಮಾತ್ರ ಅದಕ್ಕಿಂತ ಮೊದಲೇ ಎದ್ದಿರುತ್ತದೆ. ಅಂಥ ಹೊತ್ತಿನಲ್ಲಿ ಮೀನನ್ನು ಬಲೆಯಲ್ಲಿ ಹಿಡಿದು, ಚೀಲಕ್ಕೆ ತುಂಬಿ, ಕಾರಿನಲ್ಲಿ ಕುಲುಕಿಸಿ, ಗೊತ್ತಿಲ್ಲದ ನೀರಿಗೆ ಬಿಡುವುದು ಬೇಡ ಅಂತ ನಮ್ಮ ತೀರ್ಮಾನ. ನೀರು ರಾತ್ರಿಯೂ 60ರ ಮೇಲೆ ನಿಲ್ಲಲಿ, ಆಮೇಲೆ ಬನ್ನಿ.

ಸೆಪ್ಟೆಂಬರ್ ಬೇಡ ಅನ್ನುವುದಕ್ಕೂ ಚಳಿಯೇ ಕಾರಣ. ಮೀನು ಬೇಸಿಗೆಯಲ್ಲಿ ತಿಂದು ಮೈಗೆ ಕೂಡಿಸಿಕೊಂಡ ಕೊಬ್ಬಿನಲ್ಲೇ ಚಳಿಗಾಲ ಕಳೆಯಬೇಕು. ನೀರು 50ಕ್ಕೆ ಇಳಿದ ಮೇಲೆ ಊಟ ಹಾಕುವ ಹಾಗಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಒಯ್ದ ಮೀನಿಗೆ ತಿನ್ನಲು ಟೈಮೇ ಇರುವುದಿಲ್ಲ, ಅಲ್ವಾ?

ಈಗ ಆಳದ ಮಾತು. ನೀರು ಅತಿ ಭಾರವಾಗಿರುವುದು 39 ಡಿಗ್ರಿಯಲ್ಲಿ. ಅದಕ್ಕಿಂತ ತಣ್ಣಗಾದರೆ ಹಗುರಾಗಿ ಮೇಲೆ ಬರುತ್ತದೆ, ಮೇಲೆಯೇ ಹೆಪ್ಪುಗಟ್ಟುತ್ತದೆ. ತಳದಲ್ಲಿ ಆ 39 ಡಿಗ್ರಿಯ ನೀರು ಉಳಿಯುತ್ತದೆ, ಮೀನು ಹೋಗಿ ಅಲ್ಲಿ ಅಲುಗಾಡದೆ ನಿಲ್ಲುತ್ತದೆ. ಕೊಳ ಎರಡೇ ಅಡಿ ಇದ್ದರೆ ಮಿನ್ನೆಸೋಟಾದ ಜನವರಿಯಲ್ಲಿ ಆ ಜಾಗ ಉಳಿಯುತ್ತದೆ ಅಂತ ನಂಬಲು ಆಗುವುದಿಲ್ಲ. ಅದಕ್ಕೇ ಗೋಲ್ಡ್‌ಫಿಷ್‌ಗೆ ಕನಿಷ್ಠ ಮೂರಡಿ, ಕೋಯ್‌ಗೆ ನಾಲ್ಕಡಿ ಅಂತ ಇಟ್ಟುಕೊಂಡಿದ್ದೇವೆ.

ಆದರೆ ಇಲ್ಲಿ ಮೀನನ್ನು ಹೆಚ್ಚಾಗಿ ಕೊಲ್ಲುವುದು ಚಳಿಯಲ್ಲ, ಉಸಿರುಗಟ್ಟುವುದು. ಐಸ್ ಮೇಲೆ ಸ್ನೋ ಕೂತರೆ ಕೊಳದೊಳಗೆ ಕತ್ತಲು. ಗಿಡ, ಪಾಚಿ ಆಮ್ಲಜನಕ ಕೊಡುವುದನ್ನು ನಿಲ್ಲಿಸುತ್ತವೆ. ತಳದಲ್ಲಿ ಬಿದ್ದ ಮೇಪಲ್ ಎಲೆಗಳು ಕೊಳೆಯುತ್ತಾ ಇದ್ದಬದ್ದ ಆಮ್ಲಜನಕವನ್ನೂ ಮುಗಿಸುತ್ತವೆ, ಕೊಳೆತಾಗ ಬರುವ ಕೆಟ್ಟ ಗಾಳಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಆದ್ದರಿಂದ ಅಕ್ಟೋಬರ್‌ನಲ್ಲಿ ಕೊಳದ ಮೇಲೆ ಬಲೆ ಹಾಸಿ ಎಲೆ ಬೀಳದಂತೆ ನೋಡಿಕೊಳ್ಳಿ. ಚಳಿಗಾಲ ಪೂರ್ತಿ ಐಸ್‌ನಲ್ಲಿ ಒಂದು ತೂತು ತೆರೆದೇ ಇರಲಿ, ಐಸ್ ಕಟ್ಟದಂತೆ ಬಿಸಿ ಮಾಡುವ ತೇಲುವ ಡಿ-ಐಸರ್‌ನಿಂದಲೋ ಏರ್ ಪಂಪ್‌ನಿಂದಲೋ. ಪಂಪಿನ ಗಾಳಿಯನ್ನು ಗುಳ್ಳೆ ಮಾಡಿ ಬಿಡುವ ಏರ್ ಸ್ಟೋನನ್ನು ತಳಕ್ಕೆ ಇಳಿಸಬೇಡಿ, ತಳದ ಬೆಚ್ಚಗಿನ ನೀರು ಕಲಕಿ ಇಡೀ ಕೊಳ ತಣ್ಣಗಾಗುತ್ತದೆ. ಕೊಳದ ಅಂಚಿನ ಮೇಲಿನ ಮೆಟ್ಟಿಲಿನಲ್ಲಿಟ್ಟರೆ ಸಾಕು. ತೂತು ಮುಚ್ಚಿಹೋದರೆ ಸುತ್ತಿಗೆಯಿಂದ ಹೊಡೆಯಬೇಡಿ, ಆ ಏಟಿನ ಅದುರು ನೀರಿನಲ್ಲಿ ಮೀನಿಗೆ ತಟ್ಟುತ್ತದೆ. ಬಿಸಿನೀರಿನ ಪಾತ್ರೆಯನ್ನು ಐಸ್ ಮೇಲಿಟ್ಟು ಕರಗಿಸಿ.

ಮೊದಲ ಸಲ ಕೊಳ ಮಾಡುವವರಿಗೆ ನಾವು ಗೋಲ್ಡ್‌ಫಿಷ್ ಒಯ್ಯಿರಿ ಅನ್ನುವುದೂ ಇದಕ್ಕೇ. ಆಮ್ಲಜನಕ ಇಲ್ಲದಾಗ ಮೈಯಲ್ಲಿ ಕೂಡಿಕೊಂಡು ಕೆಡುಕು ಮಾಡುವ ಲ್ಯಾಕ್ಟಿಕ್ ಆಮ್ಲವನ್ನು ಅದರ ಮೈ ಆಲ್ಕೋಹಾಲ್ ಮಾಡಿ ಕಿವಿರಿನಿಂದ ಹೊರಗೆ ಹಾಕುತ್ತದೆ. ಸುಮ್ನೆ ಹೇಳುವ ಮಾತಲ್ಲ, ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಕೋಯ್‌ಗೆ ಆ ಮಟ್ಟದ ತಾಳಿಕೆ ಇಲ್ಲ. ಗೋಲ್ಡ್‌ಫಿಷ್‌ನಲ್ಲೇ ಕಾಮೆಟ್, ಶುಬುನ್‌ಕಿನ್ ಜಾತಿ ಒಯ್ಯಿರಿ. ಒರಾಂಡಾದಂಥ ಗುಂಡು ಮೈಯ ಜಾತಿಗಳನ್ನು ಮಾತ್ರ ಚಳಿಗಾಲಕ್ಕೆ ಮನೆಯೊಳಗೆ ತರಬೇಕು.

ಊರಲ್ಲಿ ಬಾವಿಗೆ, ತೊಟ್ಟಿಗೆ ಗಪ್ಪಿ ಬಿಟ್ಟು ಸೊಳ್ಳೆ ಕಡಿಮೆ ಮಾಡಿದ್ದನ್ನು ನೋಡಿದವರು ಇಲ್ಲೂ ಗಪ್ಪಿ ಕೇಳುತ್ತಾರೆ. ಗಪ್ಪಿ ಇಲ್ಲಿನ ಚಳಿಗಾಲ ದಾಟುವುದಿಲ್ಲ. ಬದಲಿಗೆ ಫ್ಯಾಟ್‌ಹೆಡ್ ಮಿನ್ನೋ ತರಿಸುತ್ತಿದ್ದೇವೆ. ಅದು ಈ ಕಡೆಯದೇ ಮೀನು, ಸೊಳ್ಳೆ ಮರಿ ತಿನ್ನುತ್ತದೆ, ಕಡಿಮೆ ಆಮ್ಲಜನಕದಲ್ಲೂ ಬದುಕುತ್ತದೆ. ನೋಡಲು ಸಾದಾ, ಆದರೆ ನಮಗೆ ತುಂಬಾ ಇಷ್ಟದ ಮೀನು.

ಎರಡು ಕಂತು ಯಾಕೆಂದರೆ, ಮೀನಿನ ಹೇಸಿಗೆಯಿಂದ ಬರುವ, ಮೀನಿಗೇ ವಿಷವಾದ ಅಮೋನಿಯಾವನ್ನು ತಿನ್ನುವ ಒಳ್ಳೆ ಬ್ಯಾಕ್ಟೀರಿಯಾ ಹೊಸ ಫಿಲ್ಟರ್‌ನಲ್ಲಿ ಕೂರಲು ವಾರಗಳೇ ಬೇಕು. ಮೊದಲು ಅರ್ಧ ಒಯ್ಯಿರಿ, ಆರು ವಾರ ಬಿಟ್ಟು ಒಂದು ಬಾಟಲಿ ನೀರು ತನ್ನಿ, ಪುಕ್ಕಟೆ ಪರೀಕ್ಷೆ ಮಾಡಿ ಉಳಿದರ್ಧ ಕೊಡುತ್ತೇವೆ. ನಲ್ಲಿ ನೀರು ತುಂಬಿಸಿ ಒಂದು ದಿನ ಬಿಟ್ಟರೆ ಸಾಕು ಅಂದುಕೊಳ್ಳಬೇಡಿ. ನೀರು ಶುದ್ಧ ಮಾಡಲು ಹಾಕುವ ಕ್ಲೋರಿನ್ ಆದರೆ ಹಾರಿಹೋದೀತು, ಅದೇ ಕೆಲಸಕ್ಕೆ ಹಾಕುವ ಕ್ಲೋರಮೀನ್ ಅಷ್ಟು ಸುಲಭಕ್ಕೆ ಹೋಗಲ್ಲ. ಅವನ್ನು ನಿವಾರಿಸುವ ಕಂಡೀಷನರ್ ಹಾಕಲೇಬೇಕು.

ಇನ್ನೊಂದು ಮಾತು, ಇದನ್ನು ಕಳಕಳಿಯಿಂದ ಕೇಳುತ್ತಿದ್ದೇವೆ. ಮೀನು ಜಾಸ್ತಿಯಾದರೆ, ಮನೆ ಬದಲಾಯಿಸಿದರೆ, ಪಾಪ ಬದುಕಿಕೊಳ್ಳಲಿ ಅಂತ ಹತ್ತಿರದ ಕೆರೆಗೆ ಬಿಡಬೇಡಿ. ಅದು ಬದುಕುತ್ತದೆ, ತೊಂದರೆಯೇ ಅದು. 2021ರಲ್ಲಿ ಬರ್ನ್ಸ್‌ವಿಲ್‌ನ ಕೆಲ್ಲರ್ ಲೇಕ್‌ನಲ್ಲಿ ಸಿಕ್ಕ ದೈತ್ಯ ಗೋಲ್ಡ್‌ಫಿಷ್‌ಗಳ ಫೋಟೋ ನೀವೂ ನೋಡಿರುತ್ತೀರಿ. ತಳದ ಮಣ್ಣು ಕೆದಕಿ ನೀರು ಕದಡುತ್ತವೆ, ಅಲ್ಲಿನ ಗಿಡ ಕೀಳುತ್ತವೆ. ಗೋಲ್ಡ್‌ಫಿಷ್, ಕೋಯ್ ಸಾಕುವುದಕ್ಕೆ ಮಿನ್ನೆಸೋಟಾದಲ್ಲಿ ಅಡ್ಡಿಯಿಲ್ಲ, ಕೆರೆಗೆ ಬಿಡುವುದು ಕಾನೂನಿಗೆ ವಿರುದ್ಧ. ಬೇಡವಾದ ಮೀನನ್ನು ನಮಗೇ ತಂದುಕೊಡಿ, ಎಲ್ಲಿ ಕೊಂಡಿದ್ದರೂ ಪರವಾಗಿಲ್ಲ.

ಏಪ್ರಿಲ್‌ಗೆ ಅಂತ ಈಗಾಗಲೇ ಮುಂಗಡ ಕೊಟ್ಟವರ ಮೀನನ್ನು ಮೇ ಕೊನೆಯವರೆಗೆ ನಮ್ಮ ತೊಟ್ಟಿಯಲ್ಲೇ ಸಾಕುತ್ತೇವೆ, ಖರ್ಚು ನಮ್ಮದು. ಹಣ ವಾಪಸ್ ಬೇಕೆಂದರೆ ಅದೂ ಸಿಗುತ್ತದೆ. ಬರುವಾಗ ಕೊಳದ ಉದ್ದ, ಅಗಲ, ಸರಾಸರಿ ಆಳವನ್ನು ಅಡಿಯಲ್ಲಿ ಬರೆದು ತನ್ನಿ. ಮೂರನ್ನೂ ಗುಣಿಸಿ 7.5ರಿಂದ ಗುಣಿಸಿದರೆ ಗ್ಯಾಲನ್ ಸಿಗುತ್ತದೆ. 10 ಅಡಿ ಉದ್ದ, 8 ಅಡಿ ಅಗಲ, 4 ಅಡಿ ಆಳದ ಕೊಳ ಅಂದರೆ 2400 ಗ್ಯಾಲನ್. ಒಂದು ಕೋಯ್‌ಗೆ 250 ಗ್ಯಾಲನ್ ಲೆಕ್ಕದಲ್ಲಿ ಒಂಬತ್ತರ ಮೇಲೆ ಕೇಳಬೇಡಿ, ಅವು ಎರಡಡಿವರೆಗೂ ಬೆಳೆಯುತ್ತವೆ.

ಇಂತಿ,
ನಿಮ್ಮ ಮೀನಿನ ಅಂಗಡಿಯವರು