ಉರಿ ಬೇಡ, ಕಾವು ಸಾಕು: ಮಾರ್ಷ್‌ಮ್ಯಾಲೋ ಸ್ಟಾಲಿಗೆ ಜೊತೆ ನಿಂತೋರಿಗೆಲ್ಲ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ಸ್ಕೂಲಿನೋರಿಗೆ ಇಂಗ್ಲಿಷಲ್ಲಿ ಕಾರ್ಡ್ ಬರೆದು ಕೊಟ್ಟಾಯ್ತು, ಆದ್ರೂ ಸಮಾಧಾನ ಆಗ್ಲಿಲ್ಲ, ಹೇಳ್ಬೇಕಾಗಿದ್ದು ಅರ್ಧ ಒಳಗೇ ಉಳ್ಕೊಂಡಂಗಿದೆ, ಅದಕ್ಕೆ ಕನ್ನಡದಲ್ಲಿ ಬರೀತಿದೀನಿ. ಉದ್ದ ಆಗತ್ತೆ, ದಯವಿಟ್ಟು ಓದಿ. ನಾವು ಬ್ರಿಟನ್ನಿನ ವೇಲ್ಸಲ್ಲಿ, ಕಾರ್ಡಿಫಲ್ಲಿ ಇರೋದು, ಮಗ ಇಲ್ಲಿ ಎರಡನೇ ವರ್ಷದ ಕ್ಲಾಸು. 2024ರ ಡಿಸೆಂಬರ್ 14ಕ್ಕೆ ಸ್ಕೂಲಲ್ಲಿ ಕ್ರಿಸ್‌ಮಸ್ ಮೇಳ ಆಯ್ತು, ಅದ್ರಲ್ಲಿ ಮಾರ್ಷ್‌ಮ್ಯಾಲೋ ಸುಡೋ ಸ್ಟಾಲು ನಂದು, ಅಂದ್ರೆ ಮೆತ್ತಗಿರೋ ಸಕ್ಕರೆ ಮಿಠಾಯಿನ ಕೋಲಿಗೆ ಸಿಕ್ಕಿಸಿ ಬೆಂಕೀಲಿ ಸುಟ್ಟು ತಿನ್ನೋದು. 212 ಕೋಲು ಹೋಯ್ತು, ಕೋಲಿಗೆ 50 ಪೆನ್ಸ್, 106 ಪೌಂಡ್ ಲೈಬ್ರರಿ ಪುಸ್ತಕಕ್ಕೆ ಸೇರ್ತು, ಒಂದು ಮಗೂಗೂ ಒಂದು ಬೊಬ್ಬೆ ಕೂಡ ಆಗ್ಲಿಲ್ಲ. ಆ ಕೊನೇ ಮಾತು ನಂಗೆ ಎಷ್ಟು ದೊಡ್ಡದು ಅಂತ ಹೇಳ್ಬೇಕು ಅಂದ್ರೆ ಆಗಸ್ಟಿಂದ ಶುರು ಮಾಡ್ಬೇಕು.

ಆಗಸ್ಟಲ್ಲಿ ಕ್ಯಾಂಪಿಂಗ್ ಹೋಗಿದ್ವಿ, ಫಸ್ಟ್ ಟೈಮು. ರಾತ್ರಿ ಬೆಂಕಿ ಹಾಕಿ ಎಲ್ರೂ ಮಾರ್ಷ್‌ಮ್ಯಾಲೋ ಸುಡ್ತಿದ್ರು, ನನ್ ಮಗಂದು ಹೊತ್ಕೊಂಡ್ತು, ಅವನು ಹೆದರಿ ಕೋಲನ್ನ ಜೋರಾಗಿ ಕೊಡವಿದ, ಉರೀತಿದ್ದ ಮುದ್ದೆ ಹಾರಿ ಅವನ ಎಡಗೈ ಮಣಿಕಟ್ಟಿನ ಮೇಲೇ ಬಿತ್ತು. ಬೆಲ್ಲದ ಪಾಕ ಕೈ ಮೇಲೆ ಬಿದ್ದೋರಿಗೆ ಗೊತ್ತಿರತ್ತೆ, ಬಿಸಿನೀರಾದ್ರೆ ಹರಿದು ಹೋಗತ್ತೆ, ಪಾಕ ಹಿಡ್ಕೊಂಡ್ಬಿಡತ್ತೆ, ಹಿಡ್ಕೊಂಡು ಸುಡ್ತಾನೇ ಇರತ್ತೆ. ಮಾರ್ಷ್‌ಮ್ಯಾಲೋ ಅಂದ್ರೂ ಅದೇ ತಾನೆ, ಸಕ್ಕರೆ ಪಾಕಕ್ಕೆ ಜೆಲಟಿನ್ (ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆಯೋ ಅಂಟು) ಹಾಕಿ ಗಾಳಿ ಸೇರೋ ಹಂಗೆ ಬಡಿದಿರೋದು. ನಾನು ಟೂತ್‌ಪೇಸ್ಟ್ ತರೋಕೆ ಟೆಂಟಿಗೆ ಓಡಿದೆ, ನಮ್ಮನೇಲಿ ಸುಟ್ಟಗಾಯಕ್ಕೆ ಟೂತ್‌ಪೇಸ್ಟ್ ಇಲ್ಲಾಂದ್ರೆ ಕಾಫಿಪುಡಿ ಹಚ್ಚಿದ್ದು ನೋಡ್ಕೊಂಡೇ ಬೆಳೆದಿದ್ದು. ವಾಪಸ್ ಬರೋಷ್ಟ್ರಲ್ಲಿ ಪಕ್ಕದ ಟೆಂಟಿನ ಒಬ್ರು ಹೆಂಗಸು ಅವನನ್ನ ಎತ್ಕೊಂಡು ಹೋಗಿ ನಲ್ಲಿ ಕೆಳಗೆ ಕೈ ಹಿಡಿಸಿದ್ರು, ನಂಗೆ ಖಡಾಖಂಡಿತವಾಗಿ ಬೇಡ ಅಂದ್ರು, ಪೇಸ್ಟ್ ಬೇಡ, ಐಸ್ ಬೇಡ, ಬೆಣ್ಣೆ ಬೇಡ, ಬರೀ ತಣ್ಣೀರು, ಹರಿಯೋ ನೀರು, ಪೂರ್ತಿ 20 ನಿಮಿಷ. ಅವನು ನಡುಗ್ತಿದ್ದ, ಬಾಕಿ ಮೈಗೆಲ್ಲ ಅವರದೇ ಜಾಕೆಟ್ ಹೊದಿಸಿದ್ರು, ವಾಚ್ ನೋಡ್ಕೊಂಡು 20 ನಿಮಿಷ ಬಗ್ಗಿ ನಿಂತಿದ್ರು, ಆಮೇಲೆ ಅಡುಗೆ ಕ್ಲಿಂಗ್ ಫಿಲ್ಮ್, ಅದೇ ಪಾತ್ರೆ ಮುಚ್ಚೋ ತೆಳು ಪ್ಲಾಸ್ಟಿಕ್ ಹಾಳೆ, ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ತೋರ್ಸಿ ಅಂದ್ರು. ಅಲ್ಲಿ ನರ್ಸ್ ಹೇಳಿದ್ದು, ನೀರು ಹಿಡಿದಿದ್ದಕ್ಕೇ ಇಷ್ಟರಲ್ಲಿ ಮುಗೀತು ಅಂತ. ಅವರ ಹೆಸರು ಕೂಡ ಕೇಳ್ಲಿಲ್ಲ ನಾನು, ಆ ಗಾಬರೀಲಿ ತೋಚ್ಲೇ ಇಲ್ಲ. ಮೊದಲ ಥ್ಯಾಂಕ್ಸ್ ಅವರಿಗೆ, ಅವರಿಗೆ ಇದು ಮುಟ್ಟಲ್ಲ, ಆದ್ರೂ ಅವರಿಗೇ.

ಅದಾದ್ಮೇಲೆ ಮಗ ಗ್ಯಾಸ್ ಹಚ್ಚಿದ್ರೆ ಅಡುಗೆಮನೆಗೆ ಬರ್ತಿರ್ಲಿಲ್ಲ. ದೀಪಾವಳಿಗೆ ಹಣತೆ ಹಚ್ಚುವಾಗ ಸೋಫಾ ಹಿಂದೆ ನಿಂತ್ಕೊಂಡಿದ್ದ, ಹೋದ ವರ್ಷ ನಾನೇ ಹಚ್ತೀನಿ ಅಂತ ಜಗಳ ಆಡಿದ ಹುಡುಗ.

ನವೆಂಬರಲ್ಲಿ ಪೇರೆಂಟ್ಸ್ ಗ್ರೂಪಲ್ಲಿ ಮಾರ್ಷ್‌ಮ್ಯಾಲೋ ಸ್ಟಾಲ್ ಯಾರು ನೋಡ್ಕೋತೀರ ಅಂತ ಕೇಳಿದ್ರು. ನಾನು ಮಾಡ್ತೀನಿ ಅಂದ್ಬಿಟ್ಟೆ. ಭಯ ಬಿಡಿಸ್ಬೇಕು ಅನ್ನೋದೊಂದೇ ತಲೇಲಿ, ಅವನದ್ದೂ ನಂದೂ. ಪ್ಲಾನ್ ಇದ್ದಿದ್ದು ಹೊರಗೆ ಪ್ಲೇಗ್ರೌಂಡಲ್ಲಿ, ಡಿಸೆಂಬರ್ 7 ಶನಿವಾರ. ಶುಕ್ರವಾರ ಸಂಜೆ ಏಳರ ಹೊತ್ತಿಗೆ ಮನೇಲಿದ್ದ ಎಲ್ಲಾ ಫೋನೂ ಒಟ್ಟಿಗೆ ಸೈರನ್ ಥರ ಕೂಗ್ಕೊಂಡ್ವು, ಡಾರಾ ಬಿರುಗಾಳಿ ಬರ್ತಿದೆ, ಬೆಳಗಿನ ಜಾವದಿಂದ ರೆಡ್ ವಾರ್ನಿಂಗ್, ಮನೆ ಬಿಟ್ಟು ಹೊರಗೆ ಬರ್ಬೇಡಿ ಅಂತ ಸರ್ಕಾರದ ಅಲರ್ಟು, ವೇಲ್ಸ್ ಮತ್ತೆ ಇಂಗ್ಲೆಂಡಿನ ನೈಋತ್ಯ ಭಾಗ ಸೇರಿ ಸುಮಾರು 30 ಲಕ್ಷ ಜನಕ್ಕೆ ಹೋಗಿತ್ತಂತೆ. ಮೇಳ ಮುಂದಿನ ವಾರಕ್ಕೆ ಹೋಯ್ತು, ಗ್ರೌಂಡ್ ಕೆಸರಾಗಿದೆ ಎಲ್ಲಾ ಸ್ಟಾಲೂ ಹಾಲ್ ಒಳಗೆ ಅಂತ ಮೆಸೇಜ್ ಬಂತು. ಬೆಂಕಿ ಸ್ಟಾಲು ಒಳಗೆ! ಅಡುಗೆಮನೆ ಕಟ್ಟೆ ಮೇಲೆ ಎಂಟು ಪ್ಯಾಕೆಟ್ ಮಾರ್ಷ್‌ಮ್ಯಾಲೋ, ಮುಂದೆ ನಾನು, ಏನ್ ಮಾಡೋದು ಗೊತ್ತಾಗ್ಲಿಲ್ಲ.

ಇಲ್ಲಿ ನಮ್ಮ ಸ್ಕೂಲಿನ ಕೇರ್‌ಟೇಕರ್ ಬಗ್ಗೆ ಹೇಳ್ಲೇಬೇಕು. ರಿಟೈರ್ ಆಗೋ ವಯಸ್ಸಿನೋರು, ಬೀಗದಕೈ ಗೊಂಚಲು ಸೊಂಟದಲ್ಲಿ, ಮಾತು ಕಡಿಮೆ. ಯಾರೋ ಒಬ್ರು ಡಿಸ್ಪೋಸಬಲ್ ಬಾರ್ಬೆಕ್ಯೂ ಟ್ರೇ ತಂದು ಹಾಲಲ್ಲಿ ಕಿಟಕಿ ಹತ್ರ ಇಡೋಣ, ಕಿಟಕಿ ತೆಗೆದ್ರಾಯ್ತು ಅಂದ್ರು, ಒಳ್ಳೇ ಮನಸ್ಸಿಂದಾನೇ ಅಂದಿದ್ದು. ಇವರು ಬೇಡ ಅಂದ್ರು. ಇದ್ದಿಲು ಉರಿ ನಿಂತು ಬರೀ ಕೆಂಡ ಆದ್ಮೇಲೂ ಕಾರ್ಬನ್ ಮಾನಾಕ್ಸೈಡ್ ಬಿಡ್ತಾನೇ ಇರತ್ತೆ, ವಾಸನೆ ಇಲ್ಲ, ಬಣ್ಣ ಇಲ್ಲ, ಮಕ್ಕಳಿಗೆ ತಲೆನೋವು ನಿದ್ದೆ ಬಂದಂಗೆ ಆಗೋದೇ ಮೊದಲು ಗೊತ್ತಾಗೋದು, ಕಿಟಕಿ ಒಂದನ್ನ ನಂಬ್ಕೊಂಡು ಇಡೋ ವಸ್ತು ಅಲ್ಲ ಅಂದ್ರು. ನಂಗೆ ಥಟ್ಟನೆ ಊರು ನೆನಪಾಯ್ತು, ಬಾಣಂತಿ ಕೋಣೇಲಿ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಹಾಕ್ಕೊಳ್ತಿದ್ರು, ನಮ್ಮಜ್ಜಿ ಮಾತ್ರ ಬಂದು ಬಂದು ಬಾಗಿಲು ತೆಗೆದಿಟ್ಟು ಹೋಗ್ತಿದ್ರು, ಎಲ್ರೂ ಬಾಣಂತಿಗೆ ಥಂಡಿ ಆಗತ್ತೆ ಅಂತ ಬೈಯೋರು. ಅಜ್ಜಿಗೆ ಗ್ಯಾಸಿನ ಹೆಸರು ಗೊತ್ತಿರ್ಲಿಲ್ಲ, ಕೆಲಸ ಗೊತ್ತಿತ್ತು.

ಸರಿ, ಹಂಗಾದ್ರೆ ಬಫೆ ಪಾತ್ರೆ ಕೆಳಗೆ ಇಡೋ ಜೆಲ್ ಡಬ್ಬ ಆಗತ್ತಾ ಅಂತ ನಾನು ಕೇಳಿದೆ. ಅದೂ ಬೇಡ ಅಂದ್ರು. ಅದು ಆಲ್ಕೋಹಾಲು, ಉರಿ ತಿಳಿ ನೀಲಿ, ಹಾಲಿನ ಟ್ಯೂಬ್‌ಲೈಟಲ್ಲಿ ಕಾಣೋದೇ ಇಲ್ಲ, ಆರಿದೆ ಅಂದ್ಕೊಂಡು ಕೈ ಚಾಚೋದು ಇಲ್ಲಾ ಮತ್ತೆ ಇಂಧನ ಸುರಿಯೋದು, ಅಲ್ಲೇ ಅನಾಹುತ ಆಗೋದು ಅಂತ. ಅಮೆರಿಕದಲ್ಲಿ 2011ರಲ್ಲಿ ಸುರಿಯೋ ಥರದ ಜೆಲ್ ಇಂಧನವನ್ನ ಲಕ್ಷಾಂತರ ಬಾಟ್ಲಿ ವಾಪಸ್ ತರಿಸ್ಕೊಂಡಿದ್ರು ಇದೇ ಕಾರಣಕ್ಕೆ, ಮನೇಗೆ ಬಂದು ಓದಿದಾಗ ಗೊತ್ತಾಯ್ತು, ಮೈ ಜುಂ ಅಂತು.

ಎರಡು ಸಲ ಬೇಡ ಅಂದೋರು ಅಷ್ಟಕ್ಕೇ ಹೋಗಿದ್ರೆ ಸ್ಟಾಲ್ ಅಲ್ಲಿಗೆ ಮುಗೀತಿತ್ತು. ಅವರು ಹೋಗ್ಲಿಲ್ಲ. ಗುರುವಾರ ಸಂಜೆ ಮೇಳದ ಕೆಲಸ ಮುಗಿಸಿ ಇದಕ್ಕೇ ಅಂತ ಒಂದೂವರೆ ಗಂಟೆ ನಿಂತ್ರು. ಮಣ್ಣಿನ ಹೂಕುಂಡ, ಅರ್ಧ ಮಟ್ಟ ಒಣ ಮರಳು, ಮರಳಿನ ಮೇಲೆ ಒಂದೇ ಒಂದು ಟೀ ಲೈಟ್ (ಪುಟ್ಟ ಲೋಹದ ಬಟ್ಟಲಿನ ಮೇಣದಬತ್ತಿ), ಅದೂ ಸೆಂಟ್ ಇಲ್ದಿರೋದು. ಕುಂಡದ ಕೆಳಗೆ ಬಾತ್‌ರೂಮ್ ಟೈಲ್ಸ್. ಒಂದೇ ಕುಂಡಕ್ಕೆ ನಾಲ್ಕೈದು ಟೀ ಲೈಟ್ ಗುಂಪಾಗಿ ಹಾಕಿದ್ರೆ ಬೇಗ ಆಗಲ್ವಾ ಅಂದೆ, ಗುಂಪಲ್ಲಿಟ್ರೆ ಒಂದರ ಕಾವು ಇನ್ನೊಂದಕ್ಕೆ ತಗುಲಿ ಮೇಣ ಪೂರ್ತಿ ಕುದ್ದು ಮೇಣವೇ ಹೊತ್ಕೊಳ್ಳತ್ತೆ, ಎರಡು ಉರಿ ಮಧ್ಯೆ ಕಡಿಮೆ ಅಂದ್ರೂ 10 ಸೆಂಟಿಮೀಟರ್ ಬೇಕು, ಉರಿಯೋ ಮೇಣಕ್ಕೆ ನೀರು ಮಾತ್ರ ಯಾವತ್ತೂ ಹಾಕ್ಬೇಡ ಅಂದ್ರು. ಆರು ಕುಂಡ, ಹೊರಬಾಗಿಲ ಪಕ್ಕದ ಟೇಬಲ್, ಪಕ್ಕದಲ್ಲಿ ಬೆಂಕಿ ಮೇಲೆ ಮುಚ್ಚಿ ಆರಿಸೋ ಫೈರ್ ಬ್ಲಾಂಕೆಟ್. ಸ್ಮೋಕ್ ಅಲಾರಂ ಆಫ್ ಮಾಡೋ ಮಾತೇ ಎತ್ಲಿಲ್ಲ, ಬದಲಿಗೆ ಆರೂ ಕುಂಡ ಹಚ್ಚಿ ಬೇಕಂತಲೇ ಒಂದು ಮಾರ್ಷ್‌ಮ್ಯಾಲೋ ಕರಕಲು ಮಾಡಿ ಅಲಾರಂ ಏನನ್ನತ್ತೆ ಅಂತ ತಲೆ ಎತ್ತಿ ನೋಡ್ತಾ ನಿಂತ್ವಿ ಇಬ್ರೂ. ಸುಮ್ನಿತ್ತು. ಸರ್, ನೀವು ಬೇಡ ಅಂದಿದ್ದಕ್ಕೆ ಥ್ಯಾಂಕ್ಸ್, ಬೇಡ ಅಂದು ಎದ್ದು ಹೋಗದೆ ಇದ್ದಿದ್ದಕ್ಕೆ ಅದಕ್ಕಿಂತ ದೊಡ್ಡ ಥ್ಯಾಂಕ್ಸ್.

ಕುಂಡ ಕೊಟ್ಟಿದ್ದು ನ್ಯೂಪೋರ್ಟಲ್ಲಿರೋ ನಮ್ಮ ಕನ್ನಡ ಫ್ಯಾಮಿಲಿ. ಬೇಸಿಗೇಲಿ ಮೆಂತ್ಯ ಕೊತ್ತಂಬರಿ ಬೆಳೆದಿದ್ದ ಕುಂಡ, ಭಾವ ಅಷ್ಟನ್ನೂ ತೊಳೆದು, ಒದ್ದೆ ಇದ್ರೆ ಕಾದಾಗ ಬಿರಿಯತ್ತೆ ಅಂತ ಎರಡು ದಿನ ಹೀಟರ್ ಪಕ್ಕ ಒಣಗಿಸಿ ತಂದಿದ್ರು. ಅಷ್ಟು ಯೋಚನೆ ಮಾಡೋ ಜನ ಸಿಗೋದು ಪುಣ್ಯ.

ಇನ್ನೊಂದು ವಿಷ್ಯ ನನ್ ತಲೇಗೆ ಹೊಳೆದೇ ಇರ್ಲಿಲ್ಲ, ಹೊಳೆಸಿದ್ದು ಮಗನ ಕ್ಲಾಸಿನ ಒಬ್ಬ ಹುಡುಗಿ ಅಮ್ಮ. ಕಾರ್ಡಿಫಲ್ಲಿ ಸೋಮಾಲಿ ಜನ ತಲೆಮಾರುಗಳಿಂದ ಇದ್ದಾರೆ, ಹಡಗಿನ ಕೆಲಸಕ್ಕೆ ಬಂದು ಬಂದರಿನ ಹತ್ರದ ಬ್ಯೂಟ್‌ಟೌನಲ್ಲಿ ನೆಲೆ ನಿಂತೋರು, ಇವರೂ ಅಂಥ ಮನೆಯೋರು. ಪ್ಯಾಕೆಟ್ ತಿರುಗಿಸಿ ಓದಿ, ಇದ್ರಲ್ಲಿ ಹಂದಿ ಜೆಲಟಿನ್ ಇದೆ, ನಮ್ಮ ಮಕ್ಕಳು ಸ್ಟಾಲ್ ಮುಂದೆ ಬಂದು ಸುಮ್ನೆ ವಾಪಸ್ ಹೋಗ್ತಾರೆ ಅಂದ್ರು. ಹಲಾಲ್ ಪ್ಯಾಕೆಟ್ ನೋಡಿದ್ವಿ, ಅದ್ರಲ್ಲಿ ದನದ ಜೆಲಟಿನ್, ಅದು ನಮ್ಮ ಮನೆಗೆ ಆಗಲ್ಲ. ಇಬ್ರೂ ಅಂಗಡೀಲಿ ಮುಖ ಮುಖ ನೋಡ್ಕೊಂಡು ನಿಂತ್ವಿ, ಆಮೇಲೆ ಪ್ರಾಣಿ ಪದಾರ್ಥ ಏನೂ ಇಲ್ದಿರೋ ವೀಗನ್ ಪ್ಯಾಕೆಟ್ ಸಿಕ್ತು, ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಹಾಕಿರೋದು. ಎಲ್ಲಾ ಕುಂಡಕ್ಕೂ ಅದೇ ಒಂದೇ ಥರ ಇಡೋಣ, ಯಾರ ಕೋಲು ಯಾರಿಗೆ ಅನ್ನೋ ಗೊಂದಲಾನೇ ಬೇಡ ಅಂತ ಅವರೇ ಹೇಳಿದ್ದು. ನಾನು ಮೊದಲು ತಂದಿದ್ದ ಎಂಟು ಪ್ಯಾಕೆಟ್ ವಾಪಸ್ ಕೊಟ್ಟು ಬಂದ್ವಿ. ಹೊಸದು ಮಾಮೂಲಿದಕ್ಕಿಂತ ನಿಧಾನಕ್ಕೆ ಕೆಂಪಾಗ್ತಿತ್ತು, ಆದ್ರೆ ಕೋಲಿಂದ ಬೇಗ ಜಾರಿ ಬೀಳ್ತಿರ್ಲಿಲ್ಲ, ಅದೇ ನಮಗೆ ಅನುಕೂಲ ಆಯ್ತು. ಅಕ್ಕ, ನೀವಿಲ್ದೇ ಇದ್ರೆ ಅರ್ಧ ಕ್ಲಾಸು ಹೊರಗೇ ಉಳೀತಿತ್ತು.

ಸುಡೋ ವಿದ್ಯೆ ಮಾತ್ರ ನಮ್ಮಮ್ಮಂದು. ಸಾಗರದಿಂದ ವೀಡಿಯೋ ಕಾಲಲ್ಲಿ. ಟೀ ಲೈಟಿಗೆ ಹತ್ರ ಹಿಡಿದ್ರೆ ಮಸಿ ಹಿಡಿದು ಕಪ್ಪಾಗ್ತಿತ್ತು, ಮೇಲೆ ಹಿಡಿದ್ರೆ ಏನೂ ಆಗ್ತಿರ್ಲಿಲ್ಲ, ಒಂದು ರಾತ್ರಿ ಪೂರ್ತಿ ಪ್ರಾಕ್ಟೀಸ್ ಮಾಡಿ ಬೇಜಾರಾಗಿ ಅಮ್ಮಂಗೆ ತೋರಿಸ್ದೆ. ಅಮ್ಮ ಮಾರ್ಷ್‌ಮ್ಯಾಲೋ ಜನ್ಮದಲ್ಲಿ ನೋಡಿಲ್ಲ. ಫೋನ್ ಹತ್ರ ಮುಖ ತಂದು ನೋಡಿ ಅಂದ್ರು, "ಪುಟ್ಟೀ, ಹಲಸಿನ ಹಪ್ಪಳ ಸುಡೋದು ಮರ್ತುಹೋಯ್ತಾ? ಉರೀಲಿ ಹಿಡೀಬೇಡ, ಕಾವಲ್ಲಿ ಹಿಡಿ. ತಿರುಗಿಸ್ತಾ ಇರು, ಕೈ ನಿಲ್ಲಿಸ್ಬೇಡ." ಅಷ್ಟೇ. ಉರಿ ತುದಿಯಿಂದ ಎರಡು ಬೆರಳು ಮೇಲೆ, ಸ್ವಲ್ಪ ಓರೆ, ನಿಧಾನ ತಿರುಗಿಸ್ತಾ. ಮೊದಲು ಬೆವತಂಗೆ ಹೊಳೆಯತ್ತೆ, ಆಮೇಲೆ ಒಂದು ಕಡೆ ಮಾತ್ರ ದೋಸೆ ಅಂಚಿನ ಬಣ್ಣ ಬರತ್ತೆ, ಮೈ ಉಬ್ಬತ್ತೆ, ಸಕ್ಕರೆ ಕೆಂಪಾಗೋ ಆ ವಾಸನೆ. ಎರಡು ನಿಮಿಷದೊಳಗೆ ಸುತ್ತಲೂ ಒಂದೇ ಹದ. ಮಾರನೇ ದಿನ ಮಗಳು ದೊಡ್ಡ ರಟ್ಟಲ್ಲಿ ಕನ್ನಡದಲ್ಲೂ ಇಂಗ್ಲಿಷಲ್ಲೂ ಬರೆದು ಟೇಬಲ್ ಮುಂದೆ ಅಂಟಿಸಿದ್ಲು, ಉರಿ ಬೇಡ ಕಾವು ಸಾಕು ಅಂತ. ಕನ್ನಡ ಅಕ್ಷರ ಮುಟ್ಟಿ ಮುಟ್ಟಿ ನೋಡಿದ ಮಕ್ಕಳೆಷ್ಟೋ.

ಟೀಚಿಂಗ್ ಅಸಿಸ್ಟೆಂಟ್ ಇಬ್ರಿಗೂ ಥ್ಯಾಂಕ್ಸ್, ಒಂದು ಕುಂಡಕ್ಕೆ ಒಂದೇ ಮಗು ಅನ್ನೋ ನಿಯಮ ಕ್ಯೂ ಬಾಗಿಲ ತನಕ ಬೆಳೆದಾಗ್ಲೂ ಸಡಿಲ ಬಿಡ್ಲಿಲ್ಲ. ಉದ್ದ ಕೂದಲಿಗೆ ರಬ್ಬರ್ ಬ್ಯಾಂಡ್, ಸ್ಕಾರ್ಫ್ ತೆಗೆಸಿ, ತೋಳು ಮಡಿಸಿ, ಬಿದಿರು ಕಡ್ಡಿ ಚೂಪು ತುದಿ ಕತ್ತರಿಸಿ ನೀರಲ್ಲಿ ನೆನೆಸಿಟ್ಟು, ಎಲ್ಲಾ ಅವರೇ. ಐದು ವರ್ಷದೊಳಗಿನ ಮಕ್ಕಳಿಗೆ ಮಾರ್ಷ್‌ಮ್ಯಾಲೋ ಗಂಟಲಲ್ಲಿ ಸಿಕ್ಕೊಳ್ಳತ್ತೆ ಅಂತ ಕೊಡ್ಲಿಲ್ಲ, ಅವರಿಗೆ ಮೆತ್ತನೆ ಬಾಳೆಹಣ್ಣಿನ ಕೇಕ್ ತುಂಡು ಇಟ್ಟಿದ್ರು, ಅತ್ತ ಚಿಕ್ಕೋರನ್ನ ಸಮಾಧಾನ ಮಾಡಿದ್ದೂ ಅವರೇ.

ಹೊತ್ಕೊಂಡ್ರೆ ಕೊಡವಬೇಡ, ಊದು. ಇದನ್ನ ಅವತ್ತು 212 ಸಲ ಹೇಳಿದೀನಿ, ಹೇಳುವಾಗೆಲ್ಲ ಆಗಸ್ಟ್ ಕಣ್ಮುಂದೆ. ಸುಟ್ಟ ಮೇಲೆ ತಕ್ಷಣ ಬಾಯಿಗೆ ಹಾಕೋ ಹಂಗಿಲ್ಲ, ಹೊರಗೆ ತಣ್ಣಗಿದ್ರೂ ಒಳಗೆ ಪಾಕ ಕುದೀತಿರತ್ತೆ, ಅದಕ್ಕೆ ಎಣಿಸೋದು ಅಂತ ಇಟ್ವಿ. ಇಲ್ಲಿನ ವೆಲ್ಷ್ ಭಾಷೇಲಿ ಹತ್ತು, ಈನ್, ಡೈ, ತ್ರೀ, ಪೆದ್ವಾರ್, ಪಿಂಪ್ ಅಂತ ಶುರುವಾಗಿ, ಆಮೇಲೆ ಇಂಗ್ಲಿಷಲ್ಲಿ ಹತ್ತು, ಆ ಸೋಮಾಲಿ ಹುಡುಗಿ ಅವಳ ಭಾಷೇಲಿ ಹತ್ತು. ಕನ್ನಡದ ಹತ್ತು ಎಣಿಸೋಕೆ ನನ್ ಮಗನನ್ನ ಕರೆದೆ. ಮೊದಲು ಬಾಗಿಲ ಹತ್ರ ನಿಂತೇ ಎಣಿಸಿದ, ಒಂದು ಎರಡು ಮೂರು ಅಂತ, ದೂರದಿಂದ. ಜನ ಬಂದಂಗೆ ಬಂದಂಗೆ ಟೇಬಲ್ ಕಾಲಿನ ಹತ್ರ ಬಂದ. ಮೂರು ಗಂಟೆಗೆ ಹೊರಗೆ ಆಗ್ಲೇ ಮಬ್ಬು, ಕ್ಯೂ ಕರಗಿತ್ತು, ನಾಲ್ಕನೇ ಕುಂಡ ಖಾಲಿ ಇತ್ತು. ಕೇರ್‌ಟೇಕರ್ ಒಂದು ಕೋಲಿಗೆ ಮಾರ್ಷ್‌ಮ್ಯಾಲೋ ಸಿಕ್ಕಿಸಿ ಅವನ ಮುಂದೆ ಹಿಡಿದ್ರು, ತಗೋ ಅಂತಾನೂ ಅನ್ಲಿಲ್ಲ, ಸುಮ್ನೆ ಹಿಡ್ಕೊಂಡು ನಿಂತ್ರು. ಬಹಳ ಹೊತ್ತು. ಇವನು ಬಲಗೈಲಿ ತಗೊಂಡ. ತಿರುಗಿಸ್ತಾ ಇದ್ದ, ಕೈ ನಿಲ್ಲಿಸ್ಲಿಲ್ಲ. ನಾನು ಕಡ್ಡಿ ಡಬ್ಬ ಜೋಡಿಸೋ ನೆಪದಲ್ಲಿ ಬಗ್ಗಿ ಕಣ್ಣು ಒರೆಸ್ಕೊಂಡೆ.

ಅದನ್ನ ಅವನು ತಿನ್ಲಿಲ್ಲ, ನಾಲ್ಕೂ ಭಾಷೇಲಿ ಎಣಿಸಿ ಅವರಿಗೇ ಕೊಟ್ಟ.

ಕುಂಡ ಆರೂ ನಮ್ಮ ಗ್ಯಾರೇಜಲ್ಲಿದೆ, ಮರಳು ಸಮೇತ, ಟೈಲ್ಸೂ ಇದೆ, ಫೈರ್ ಬ್ಲಾಂಕೆಟ್ ಒಂದು ನಾವೇ ಹೊಸದು ತಗೊಂಡ್ವಿ. ಕಾರ್ಡಿಫ್, ನ್ಯೂಪೋರ್ಟ್, ಬ್ರಿಸ್ಟಲ್ ಕಡೆ ಯಾರಾದ್ರೂ ನಿಮ್ಮ ಮಕ್ಕಳ ಸ್ಕೂಲಲ್ಲಿ ಮಾಡ್ತೀವಿ ಅಂದ್ರೆ ಒಂದು ವಾರ ಮುಂಚೆ ಹೇಳಿ, ಕಾರಲ್ಲಿ ಹಾಕ್ಕೊಂಡು ನಾನೇ ತಂದು ಕೊಡ್ತೀನಿ. ಒಣಗಿಸಿಟ್ಟಿದೀನಿ.