ಶಾಲೆಯ ಕಿಟಕಿಗೆ ಮೊದಲು ಕೊಂಡಿ ಹಾಕಿಸಿ

ಮಾನ್ಯರೇ,

ಸಾಂಕ್ರಾಮಿಕದ ನಡುವೆ ಶಾಲೆ ತೆರೆಯುವ ಮಾತು ಬಂದಾಗಲೆಲ್ಲ ಚರ್ಚೆ ಥರ್ಮಲ್ ಸ್ಕ್ಯಾನರ್, ಸ್ಯಾನಿಟೈಸರ್ ಖರೀದಿಗೆ ಬಂದು ನಿಲ್ಲುತ್ತದೆ. ಕೋವಿಡ್ ತಗುಲಿದವರು ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಸೋಂಕು ಹರಡಬಲ್ಲರು; ಎಷ್ಟೋ ಮಕ್ಕಳಿಗೆ ಜ್ವರವೇ ಬರುವುದಿಲ್ಲ. ಗೇಟಿನಲ್ಲಿ ಹಣೆ ನೋಡಿ ಒಳಗೆ ಬಿಟ್ಟರೆ ಸಮಾಧಾನ ಸಿಗುತ್ತದೆ, ಅಷ್ಟೇ. ಮೊದಲು ನೋಡಬೇಕಾದ್ದು ಕೊಠಡಿಯಲ್ಲಿ ಗಾಳಿ ಆಡುತ್ತದೆಯೇ ಎಂಬುದನ್ನು.

ಜೆರುಸಲೇಮಿನ ಒಂದು ಪ್ರೌಢಶಾಲೆಯಲ್ಲಿ 2020ರ ಮೇ ತಿಂಗಳಲ್ಲಿ ಆದದ್ದನ್ನು ನೋಡಿ. ಶಾಲೆ ಪೂರ್ತಿ ತೆರೆದು ಹತ್ತು ದಿನ ಆಗಿತ್ತಷ್ಟೆ. ಬಿಸಿಗಾಳಿ ಬೀಸುತ್ತಿತ್ತೆಂದು ಮಾಸ್ಕ್‌ಗೆ ವಿನಾಯಿತಿ ಕೊಟ್ಟು ಎ.ಸಿ. ಹಾಕಿದ್ದರು. ಒಂದೊಂದು ಕೊಠಡಿಯಲ್ಲಿ 35ಕ್ಕೂ ಹೆಚ್ಚು ಮಕ್ಕಳು. 153 ವಿದ್ಯಾರ್ಥಿಗಳಿಗೂ 25 ಸಿಬ್ಬಂದಿಗೂ ಸೋಂಕು ತಗುಲಿತು.

ನಮ್ಮ ಶಾಲೆಗಳಲ್ಲಿ ಎ.ಸಿ. ಇಲ್ಲ, ಆದರೆ ಮಳೆ ಇದೆ. ಜೂನ್ ಬಂದೊಡನೆ ಎಲ್ಲ ಕಿಟಕಿ ಮುಚ್ಚಿ ಸೀಲಿಂಗ್ ಫ್ಯಾನ್ ಹಾಕುತ್ತೇವೆ. ಮುಚ್ಚಿದ ಕೋಣೆಯಲ್ಲಿ ಅದು ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ. ಎರಚಲು ಬರುವ ಕಡೆಯವನ್ನು ಮಾತ್ರ ಮುಚ್ಚಿ, ಎದುರು ಗೋಡೆಯ ಕಿಟಕಿಗಳನ್ನೂ ಮೇಲಿನ ವೆಂಟಿಲೇಟರ್‌ಗಳನ್ನೂ ತೆರೆದಿಡಬೇಕು. ಬಾಗಿಲು, ಕಿಟಕಿ ಎರಡೂ ಒಂದೇ ಗೋಡೆಗಿದ್ದರೆ ಗಾಳಿ ಹಾಯುವುದಿಲ್ಲ. ಅಲ್ಲಿ ಎಕ್ಸಾಸ್ಟ್ ಫ್ಯಾನ್ ಬೇಕು. 20 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರದ ಕೊಠಡಿಯ ಗಾಳಿ ಗಂಟೆಗೆ ಆರು ಸಲ ಬದಲಾಗಬೇಕಾದರೆ ಸುಮಾರು 680 ಘನ ಮೀಟರ್ ಗಾಳಿ ಹೊರಹೋಗಬೇಕು. ಫ್ಯಾನ್ ಕೊಳ್ಳುವಾಗ ಡಬ್ಬದ ಮೇಲಿನ ಈ ಅಂಕಿ ನೋಡಿ.

ಗಾಳಿ ಸಾಕೇ ಎಂದು ತಿಳಿಯಲು ಇಂಗಾಲದ ಡೈಆಕ್ಸೈಡ್ ಮೀಟರ್ ಇದೆ. ಬಯಲಲ್ಲಿ ಅದು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಆಸುಪಾಸು ತೋರಿಸುತ್ತದೆ. ಕೊಠಡಿಯಲ್ಲಿ 800ರೊಳಗಿದ್ದರೆ ಒಳ್ಳೆಯದು. 1,500 ದಾಟಿತೆಂದರೆ ಮಗು ಎಳೆದುಕೊಳ್ಳುವ ಉಸಿರಿನಲ್ಲಿ ಸುಮಾರು ಶೇ 3ರಷ್ಟು ಬೇರೆಯವರು ಬಿಟ್ಟ ಗಾಳಿ ಎಂದರ್ಥ. ಎನ್‌ಡಿಐಆರ್ (ಅವಕೆಂಪು ಬೆಳಕಿನಿಂದ ಅನಿಲ ಅಳೆಯುವ) ಸೆನ್ಸರ್ ಇರುವ ಮೀಟರನ್ನೇ ಕೊಳ್ಳಿ; ಅಗ್ಗದ ಕೆಲವು ಸ್ಯಾನಿಟೈಸರ್ ವಾಸನೆಗೇ ಏರಿಬಿಡುತ್ತವೆ. ಕುಳಿತ ಮಕ್ಕಳ ತಲೆಯ ಎತ್ತರಕ್ಕೆ, ಕಿಟಕಿಯಿಂದ ದೂರ ಇಡಬೇಕು. ಶಾಲೆಗೆ ಒಂದಿದ್ದರೂ ಸಾಕು, ದಿನಕ್ಕೊಂದು ಕೊಠಡಿ ನೋಡಬಹುದು.

ಬಿಸಿಯೂಟದ ಹೊತ್ತು ಮಾಸ್ಕ್ ಇರುವುದಿಲ್ಲ. ಜಗಲಿಯಲ್ಲಿ ಪಾಳಿಯಂತೆ ಬಡಿಸಿ. ತಟ್ಟೆ ತೊಳೆಯುವ ನಲ್ಲಿಯ ಮುಂದಿನ ನೂಕುನುಗ್ಗಲನ್ನೂ ಮರೆಯಬೇಡಿ. ಶಿಕ್ಷಕರ ಕೊಠಡಿಯನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಬಾಗಿಲು ಮುಂದೆ ಮಾಡಿ ಒಟ್ಟಿಗೆ ಚಹಾ ಕುಡಿಯುವುದು ಅಲ್ಲೇ.

ತೆರೆಯುವ ಕ್ರಮದ ಬಗ್ಗೆಯೂ ಒಂದು ಮಾತು. ತೆರೆಯುವುದಾದರೆ ಪ್ರಾಥಮಿಕ ಶಾಲೆ ಮೊದಲು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮುಖ್ಯಸ್ಥರಾಗಿದ್ದ ಬಲರಾಂ ಭಾರ್ಗವ 2021ರ ಜುಲೈನಲ್ಲೇ ಹೇಳಿದ್ದರು. ರಾಜ್ಯದಲ್ಲಿ 9ರಿಂದ 12ನೇ ತರಗತಿ ಆಗಸ್ಟ್ 23ಕ್ಕೆ ಶುರುವಾದರೆ, ಒಂದನೇ ತರಗತಿಯ ಮಕ್ಕಳು ಅಕ್ಟೋಬರ್ 25ರವರೆಗೆ ಕಾದರು.

ತುಕ್ಕು ಹಿಡಿದ ಕೊಂಡಿ, ಮೊಳೆ ಹೊಡೆದು ಮುಚ್ಚಿದ ಕಿಟಕಿ, ರಟ್ಟು ತುರುಕಿದ ವೆಂಟಿಲೇಟರ್‌ಗಳ ಪಟ್ಟಿಯನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು (ಎಸ್‌ಡಿಎಂಸಿ) ಬೇಸಿಗೆ ರಜೆಯಲ್ಲೇ ಮಾಡಿ ಬಡಗಿಯನ್ನು ಕರೆಸಲಿ.

– ನಿವೃತ್ತ ಆರೋಗ್ಯಾಧಿಕಾರಿ, ಶಿವಮೊಗ್ಗ