ಮನೆಯೋ ಕಚೇರಿಯೋ ಎಂಬ ಒಂದೇ ಪ್ರಶ್ನೆ ಸಾಲದು

ಮಾನ್ಯ ಸಂಪಾದಕರೇ,

ವಾರಕ್ಕೆ ಮೂರು ದಿನ, ನಾಲ್ಕು ದಿನ ಕಚೇರಿಗೆ ಬನ್ನಿ ಎಂದು ಕಂಪನಿಗಳು ಕರೆಯತೊಡಗಿದ ಮೇಲೆ ‘ವರ್ಕ್ ಫ್ರಮ್ ಹೋಮ್’ ಕೇಳುವವರನ್ನು ಸೋಮಾರಿಗಳ ಸಾಲಿಗೆ ಸೇರಿಸುವ ಮಾತು ಹೆಚ್ಚಾಗಿದೆ. ಸಿಬ್ಬಂದಿಯ ಅಭಿಪ್ರಾಯ ಕೇಳುವ ಎಚ್‌ಆರ್ ವಿಭಾಗಗಳೂ ‘ಮನೆಯೋ, ಕಚೇರಿಯೋ?’ ಎಂಬ ಒಂದೇ ಪ್ರಶ್ನೆಗೆ ಟಿಕ್ ಹಾಕಿಸಿಕೊಂಡು ಸುಮ್ಮನಾಗುತ್ತವೆ. ಆ ಟಿಕ್ಕಿನಲ್ಲಿ ಇಷ್ಟಕ್ಕಿಂತ ಕಷ್ಟವೇ ಹೆಚ್ಚು ಅಡಗಿರುತ್ತದೆ.

ಚೆನ್ನೈನಲ್ಲಿ ಡೇಟಾ ಎಂಟ್ರಿ ಕೆಲಸಗಾರರ ಮೇಲೆ ಅರ್ಥಶಾಸ್ತ್ರಜ್ಞರಾದ ಡೇವಿಡ್ ಆಟ್ಕಿನ್, ಆಂಟೊನೆಟ್ ಶೋರ್, ಸುಮಿತ್ ಶಿಂದೆ ಒಂದು ಪ್ರಯೋಗ ನಡೆಸಿದರು. ಯಾರು ಮನೆಯಲ್ಲಿ, ಯಾರು ಕಚೇರಿಯಲ್ಲಿ ಎಂಬುದನ್ನು ಚೀಟಿ ಎತ್ತಿದಂತೆ ಹಂಚಲಾಯಿತು. ಮನೆಗೆ ಬಿದ್ದವರ ಕೆಲಸ ಶೇ 18ರಷ್ಟು ಕಡಿಮೆ ಬಂತು. ಇಷ್ಟನ್ನೇ ಹಿಡಿದು ‘ನೋಡಿದಿರಾ’ ಎನ್ನುವವರು ಮುಂದಿನದನ್ನೂ ಓದಬೇಕು. ಮನೆಯೇ ಬೇಕು ಎಂದಿದ್ದವರು ಆರಂಭದಲ್ಲಿ ಉಳಿದವರಿಗಿಂತ ಶೇ 12ರಷ್ಟು ಚುರುಕಾಗಿದ್ದರು, ತಪ್ಪೂ ಕಡಿಮೆ ಮಾಡುತ್ತಿದ್ದರು. ಅದೇ ಜನ ಮನೆಯಲ್ಲಿ ಕೂತಾಗ, ಕಚೇರಿಯಲ್ಲಿ ಕೂತಾಗಿನದಕ್ಕಿಂತ ಶೇ 27ರಷ್ಟು ಹಿಂದೆ ಬಿದ್ದರು. ಕಚೇರಿ ಬೇಕೆಂದವರನ್ನು ಮನೆಯಲ್ಲಿ ಕೂರಿಸಿದಾಗ ಆದ ಇಳಿಕೆ ಶೇ 13. ಮನೆ ಬೇಕೆಂದವರು ಅಲ್ಲಿ ಕೆಲಸ ಚೆನ್ನಾಗಿ ಸಾಗುತ್ತದೆ ಎಂದು ಹಾಗೆ ಕೇಳಿರಲಿಲ್ಲ ಎಂದಾಯಿತು. ಮಕ್ಕಳು, ಮನೆಯಲ್ಲಿ ನೋಡಿಕೊಳ್ಳಬೇಕಾದ ಇತರರು, ಬಡತನ, ಇವು ಅಧ್ಯಯನ ಗುರುತಿಸಿದ ಕಾರಣಗಳಲ್ಲಿ ಕೆಲವು.

ಶಾಂಘೈನಲ್ಲಿ ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ತಂಡ ಕಾಲ್ ಸೆಂಟರ್ ನೌಕರರ ಮೇಲೆ ಒಂಬತ್ತು ತಿಂಗಳು ನಡೆಸಿದ ಪ್ರಯೋಗದಲ್ಲಿ ಮನೆಯಿಂದ ದುಡಿದವರ ಕೆಲಸ ಶೇ 13ರಷ್ಟು ಏರಿತ್ತು. ಅಲ್ಲಿ ಸೇರಲು ಮೂರು ಷರತ್ತುಗಳಿದ್ದವು: ಸ್ವಂತ ಕೋಣೆ, ಬ್ರಾಡ್‌ಬ್ಯಾಂಡ್, ಆರು ತಿಂಗಳ ಅನುಭವ. ಅಷ್ಟಿದ್ದೂ ಪ್ರಯೋಗ ಮುಗಿದ ಮೇಲೆ ಅರ್ಧದಷ್ಟು ಮಂದಿ, ಒಂಟಿತನ ಸಾಕೆಂದು, ಕಚೇರಿಗೆ ಮರಳಿದರು.

ಇನ್ನು ಬೆಂಗಳೂರು. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ 2023ರ ಅಕ್ಟೋಬರ್‌ನಿಂದ ಮೆಟ್ರೊದ ನೇರಳೆ ಮಾರ್ಗದಲ್ಲಿ ರೈಲು ಬದಲಿಸದೆ ಹೋಗಬಹುದು. ಅದೇ ವಿಜಯನಗರದವರ ಕಚೇರಿ ಬೆಳ್ಳಂದೂರಿನಲ್ಲಿದ್ದರೆ ಹೊರ ವರ್ತುಲ ರಸ್ತೆಯೇ ಗತಿ, ಸಿಲ್ಕ್ ಬೋರ್ಡ್–ಕೆ.ಆರ್. ಪುರ ನೀಲಿ ಮಾರ್ಗ ಇನ್ನೂ ಕಾಮಗಾರಿಯಲ್ಲಿದೆ. ದೂರಕ್ಕಿಂತ ಕಾಡುವುದು ಅನಿಶ್ಚಿತತೆ. ದಿನವೂ 70 ನಿಮಿಷ ಹಿಡಿದರೆ ಜನ ಅದಕ್ಕೆ ಹೊಂದಿಕೊಳ್ಳುತ್ತಾರೆ, ಇವತ್ತು 50 ನಾಳೆ 110 ಆದರೆ ಮನೆ ಕೇಳುತ್ತಾರೆ. ಕಂಪನಿ ಕ್ಯಾಬ್ ಇದ್ದರೂ ಅಷ್ಟೇ. ಮೊದಲು ಹತ್ತುವವರು ಒಂಬತ್ತೂವರೆಯ ಲಾಗಿನ್‌ಗೆ ಏಳೂಕಾಲಿಗೇ ಗೇಟಿನಲ್ಲಿ ನಿಲ್ಲಬೇಕು, ಕೊನೆಗೆ ಹತ್ತುವವರದು ಅರ್ಧ ಗಂಟೆಯ ದಾರಿ.

ಹಾಗೆಂದು ಮನೆಯೇನೂ ಸಸಾರವಲ್ಲ. ಯುಪಿಎಸ್ ಇದ್ದವರ ನೆಟ್ ಕೂಡ ಕರೆಂಟ್ ಹೋದಾಗ ಕೈಕೊಡುತ್ತದೆ: ರೌಟರ್ ದೀಪ ಉರಿಯುತ್ತಿರುತ್ತದೆ, ಮೀಟಿಂಗ್ ನಿಂತಿರುತ್ತದೆ. ಫೈಬರ್ ನೇರ ಮನೆಯೊಳಗೆ ಬಂದಿದ್ದರೆ ದಾರಿಯಲ್ಲಿ ಅದನ್ನು ಮನೆಮನೆಗೆ ಕವಲೊಡೆಸುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಕಟ್ಟಡದ ಮೆಟ್ಟಿಲ ಕೆಳಗಿನ ಡಬ್ಬಿಯ ತನಕ ಫೈಬರ್, ಅಲ್ಲಿಂದ ಲ್ಯಾನ್ ಕೇಬಲ್ ಆಗಿದ್ದರೆ ಆ ಡಬ್ಬಿಯ ನೆಟ್‌ವರ್ಕ್ ಸ್ವಿಚ್ಚಿಗೂ ಬ್ಯಾಕಪ್ ಬೇಕು. ಬಹಳ ಕಡೆ ಇರುವುದಿಲ್ಲ. ಒಳಗೆ ಬರುವ ತಂತಿ ಸಣ್ಣ ಫೈಬರೋ, ದಪ್ಪ ಲ್ಯಾನ್ ಕೇಬಲ್ಲೋ ನೋಡಿದರೆ ತಿಳಿಯುತ್ತದೆ. ಖರ್ಚೂ ಉಂಟು. ಲ್ಯಾಪ್‌ಟಾಪ್, ಮಾನಿಟರ್, ಫ್ಯಾನ್, ರೌಟರ್ ಸೇರಿ ಸುಮಾರು 145 ವ್ಯಾಟ್. ದಿನಕ್ಕೆ 9 ಗಂಟೆ, 22 ದಿನಕ್ಕೆ ಹತ್ತಿರ ಹತ್ತಿರ 29 ಯುನಿಟ್. ಹಿಂದಿನ ಸರಾಸರಿ 80 ಯುನಿಟ್ ಇದ್ದ ಮನೆಗೆ ಗೃಹಜ್ಯೋತಿಯಲ್ಲಿ ಶೇ 10 ಸೇರಿ 88 ಉಚಿತ, ಮೇಲಿನ ಇಪ್ಪತ್ತೊಂದಕ್ಕೆ ಬಿಲ್ ಕಟ್ಟಬೇಕು. ಹೆಣ್ಣುಮಕ್ಕಳಿಗೆ ಇನ್ನೊಂದು ಬಿಲ್ ಇದೆ: ‘ಮನೇಲೇ ಇದ್ದೀಯಲ್ಲಮ್ಮ, ಮೂರು ವಿಷಲ್ ಆದ್ಮೇಲೆ ಕುಕ್ಕರ್ ಆಫ್ ಮಾಡು’. ಅದಕ್ಕೇ ಕೆಲವರು ಒಂದೂವರೆ ಗಂಟೆ ಬಸ್ಸಿನಲ್ಲಿ ನಿಂತಾದರೂ ಕಚೇರಿಗೆ ಬರುತ್ತಾರೆ. ಪಿಜಿಯಲ್ಲಿ ಮೂವರು ಹಂಚಿಕೊಂಡ ಕೋಣೆಯಲ್ಲಿ ಮಂಚವೇ ಮೇಜಾದ ಹೊಸಬರೂ ಹಾಗೆಯೇ.

ಆದ್ದರಿಂದ ಪ್ರಶ್ನೆಪಟ್ಟಿ ತಿದ್ದಿ. ಮನೆ ಬಾಗಿಲಿನಿಂದ ಕುರ್ಚಿಯವರೆಗೆ ಅತಿ ಕಡಿಮೆ ಎಷ್ಟು ನಿಮಿಷ, ಅತಿ ಹೆಚ್ಚು ಎಷ್ಟು? ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಇದೆಯೇ, ಅದೇ ಹೊತ್ತಿಗೆ ಅಲ್ಲಿ ಇನ್ನೊಬ್ಬರ ಮೀಟಿಂಗ್ ಇರುತ್ತದೆಯೇ? ಕೆಲಸಕ್ಕೆ ಸೇರಿ ಎಷ್ಟು ತಿಂಗಳಾಯಿತು? ಎಷ್ಟು ದಿನ ಎನ್ನುವ ಜತೆಗೆ ಯಾವ ದಿನ ಎಂದೂ ಕೇಳಿ. ಒಬ್ಬೊಬ್ಬರೂ ತಮ್ಮಿಷ್ಟದ ದಿನ ಬಂದರೆ ಕಚೇರಿಯಲ್ಲೂ ಹೆಡ್‌ಫೋನ್ ಹಾಕಿಕೊಂಡು ಮನೆಯಲ್ಲಿರುವವರೊಡನೆ ಮಾತಾಡುವುದೇ ಆಗುತ್ತದೆ. ಶಾಲೆಗೆ ರಜೆಯಿರುವ ಮೇ ತಿಂಗಳಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ ಕೇಳಿ. ಐದು ಜನರ ತಂಡದ ‘ಅನಾಮಧೇಯ’ ಉತ್ತರವನ್ನು ಆ ತಂಡದ ಮ್ಯಾನೇಜರ್ ಕೈಗೆ ಕೊಡಬೇಡಿ, ಯಾರದೆಂದು ಅವರಿಗೆ ಓದುತ್ತಲೇ ಗೊತ್ತಾಗುತ್ತದೆ.

ಇನ್ನೊಂದು ಪ್ರಶ್ನೆ: ಕಚೇರಿಯ ಬಳಿ ಶಿಶುಪಾಲನಾ ಕೇಂದ್ರವಿದ್ದರೆ ನಿಮ್ಮ ಉತ್ತರ ಬದಲಾಗುತ್ತದೆಯೇ? 50 ಅಥವಾ ಹೆಚ್ಚು ಸಿಬ್ಬಂದಿ ಇರುವ ಕಡೆ ಅದು ಇರಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿ ಬರಲು ಬಿಡಬೇಕು ಎಂಬ ನಿಯಮ 2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲೇ ಬಂದಿದೆ. ಈ ಪ್ರಶ್ನೆ ಕೇಳಲು ಹಿಂಜರಿಯುವ ಕಂಪನಿಗಳು ಅದನ್ನು ತೆರೆದಿವೆಯೇ ಎಂದು ಮೊದಲು ಹೇಳಲಿ.

– ಎಚ್‌ಆರ್ ಕೆಲಸದಲ್ಲಿರುವ ಕೆಲವು ಓದುಗರು, ಬೆಂಗಳೂರು